ಮೇ–ಜೂನ್‌ನಲ್ಲಿ ಎಮಿರೇಟ್ಸ್: ಕಡಲತೀರದ ಸೆಕೆ ಕಷ್ಟವೋ, ಮರಳುಗಾಡಿನ ಝಳ ಕಷ್ಟವೋ?

ಹೊನ್ನಾವರದವಳು (ಶಾರ್ಜಾ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಕಳೆದ ಅಕ್ಟೋಬರ್ ಕೊನೆಯಲ್ಲಿ ಶಾರ್ಜಾಕ್ಕೆ ಬಂದವರಾದ್ದರಿಂದ ಇಲ್ಲಿನ ಹಿತವಾದ ಚಳಿಗಾಲವನ್ನಷ್ಟೇ ಕಂಡಿದ್ದೇವೆ; ಬೇಸಿಗೆಯ ಬಗ್ಗೆ ಕೇಳಿ ತಿಳಿದದ್ದೇ ಹೊರತು ಅನುಭವವಿಲ್ಲ. ಮೇ ಎರಡನೆಯ ವಾರದಲ್ಲಿ ಸಿಂಧನೂರಿನಿಂದ ಅತ್ತೆ–ಮಾವ ಬರಲಿದ್ದು, ಜೂನ್ ಕೊನೆಯವರೆಗೆ ನಮ್ಮೊಂದಿಗೆ ಇರುತ್ತಾರೆ. ಮಾವನವರಿಗೆ ಎಪ್ಪತ್ತೊಂದು ವರ್ಷ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಾರೆ ಮತ್ತು ಬೆಳಿಗ್ಗೆ, ಸಂಜೆ ಎರಡು ಹೊತ್ತು ನಡೆಯದಿದ್ದರೆ ಅವರಿಗೆ ದಿನ ಮುಗಿದಂತೆಯೇ ಆಗುವುದಿಲ್ಲ.

ನನ್ನ ಪತಿಯ ಕೆಲಸವಿರುವುದು ಅಲ್ ದಫ್ರಾ ಪ್ರದೇಶದ ಮದೀನತ್ ಜಾಯೆದ್ ಬಳಿ, ಅಂದರೆ ಮರಳುಗಾಡಿನಲ್ಲಿ. ವಾರದಲ್ಲಿ ಐದು ದಿನ ಅಲ್ಲಿದ್ದು, ವಾರಾಂತ್ಯಕ್ಕೆ ಮನೆಗೆ ಬರುತ್ತಾರೆ. ಅಲ್ಲಿ ಅವರಿಗೆ ಎರಡು ಕೋಣೆಗಳ ವಸತಿ ಇರುವುದರಿಂದ, ತಂದೆ–ತಾಯಿಯನ್ನು ಕೆಲವು ವಾರ ಅಲ್ಲಿಯೇ ಇರಿಸಿಕೊಳ್ಳುವ ಯೋಚನೆಯೂ ಇದೆ. "ರಾಯಚೂರಿನ ಬಿಸಿಲು ಕಂಡವರಿಗೆ ಮರಳುಗಾಡು ಹೊಸತಲ್ಲ, ಅವರು ತಡೆಯಲಾರದ್ದು ನಿಮ್ಮ ಕರಾವಳಿಯ ಸೆಕೆಯನ್ನು" ಎಂಬುದು ಪತಿಯ ವಾದ. ಅಲ್ಲಿನ ತಾಪಮಾನದ ಅಂಕಿಗಳನ್ನು ನೋಡಿದರೆ ಶಾರ್ಜಾವೇ ಕ್ಷೇಮ ಎಂದು ನನಗೆ ಅನ್ನಿಸುತ್ತದೆ.

ಈ ವಿಷಯದಲ್ಲಿ ಅನುಭವವಿದ್ದವರು ದಯವಿಟ್ಟು ತಿಳಿಸಿ: ಬೇಸಿಗೆಯ ಮೊದಲ ಭಾಗವಾದ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಕಡಲತೀರಕ್ಕೂ ಒಳನಾಡಿಗೂ ನಿಜವಾದ ವ್ಯತ್ಯಾಸ ಏನು? "ಈ ಋತುವಿನಲ್ಲಿ ತಾಪಮಾನ ಸರಾಸರಿಗಿಂತ ಹೆಚ್ಚಿರುವ ಸಂಭವವಿದೆ" ಎಂಬಂಥ ಮುನ್ನೋಟಗಳನ್ನು ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು? 2024ರ ಏಪ್ರಿಲ್‌ನಲ್ಲಿ ಸುರಿದಂಥ ಮಳೆ ಮೇ ತಿಂಗಳಲ್ಲೂ ಬರಬಹುದೇ?

ಅಬುಧಾಬಿ ಹಳಬ

ನಾನು ಈ ದೇಶಕ್ಕೆ ಬಂದು ಇಪ್ಪತ್ತಮೂರು ಬೇಸಿಗೆಗಳಾದವು. ಮೊದಲ ಎಂಟು ವರ್ಷ ಒಳನಾಡಿನ ಅಲ್ ಐನ್‌ನಲ್ಲಿದ್ದೆ, ಅನಂತರ ಕಡಲತೀರದ ಅಬುಧಾಬಿ ನಗರದಲ್ಲಿದ್ದೇನೆ. ಆದ್ದರಿಂದ ಎರಡೂ ಬಗೆಯ ಬೇಸಿಗೆ ಗೊತ್ತು. ನಿಮ್ಮ ಪತಿಯ ವಾದದಲ್ಲಿ ಅರ್ಧ ಸತ್ಯವಿದೆ. ಆದರೆ ಅದು ಮೇ ತಿಂಗಳಿಗೆ ಹೊಂದುವ ಮಾತೇ ಹೊರತು ಜೂನ್ ಕೊನೆಗೆ ಹೊಂದುವುದಿಲ್ಲ.

ದುಬೈ–ಶಾರ್ಜಾ ಕಡಲತೀರದಲ್ಲಿ ಮೇ ತಿಂಗಳ ಸರಾಸರಿ ಗರಿಷ್ಠ ತಾಪಮಾನ 38 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದು, ಜೂನ್‌ನಲ್ಲಿ ಅದು 40ರ ಹತ್ತಿರ ಬರುತ್ತದೆ. ಒಳನಾಡಿನಲ್ಲಿ ಇದಕ್ಕೆ ನಾಲ್ಕೈದು ಡಿಗ್ರಿ ಸೇರಿಸಿಕೊಳ್ಳಿ. ಹೀಗೆ ನೋಡಿದರೆ ನೀವು ಹೇಳುವುದೇ ಸರಿಯೆನಿಸುತ್ತದೆ. ಆದರೆ ನಾವು ಹೊಸಬರಾಗಿದ್ದಾಗ ಮಾಡಿದ ತಪ್ಪೆಂದರೆ ಮಧ್ಯಾಹ್ನದ ಅಂಕಿಯನ್ನಷ್ಟೇ ನೋಡಿದ್ದು. ಮಧ್ಯಾಹ್ನ ಹೇಗೂ ಯಾರೂ ಹೊರಗೆ ಹೋಗುವುದಿಲ್ಲ. ನಿಮ್ಮ ಮಾವನವರಂತೂ ನಡೆಯಲು ಹೋಗುವುದು ಬೆಳಿಗ್ಗೆ ಮತ್ತು ಸಂಜೆ. ಆದ್ದರಿಂದ ನೀವು ನೋಡಬೇಕಾದದ್ದು ಬೆಳಿಗ್ಗೆ ಐದೂವರೆಯ ಮತ್ತು ಸಂಜೆ ಏಳರ ಸ್ಥಿತಿಯನ್ನು. ಅಲ್ ಐನ್‌ನಲ್ಲಿ ಮೇ ತಿಂಗಳ ಬೆಳಗು ಒಣಗಾಳಿಯಿಂದ ಕೂಡಿದ್ದು, ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತಿತ್ತು. ಅಂಥ ಬೆಳಗಿನಲ್ಲಿ ಒಂದು ಗಂಟೆ ನಡೆಯುವುದು ಕಷ್ಟವಾಗಿರಲಿಲ್ಲ. ಅಬುಧಾಬಿಯ ಕಾರ್ನಿಷ್ ಎಂಬ ಕಡಲಬದಿಯ ರಸ್ತೆಯಲ್ಲಿ ಅದೇ ಹೊತ್ತಿಗೆ ತಾಪಮಾನ ಹೆಚ್ಚೇನೂ ಇರದಿದ್ದರೂ, ಮನೆಯ ಬಾಗಿಲು ತೆರೆದ ಕೂಡಲೇ ಕನ್ನಡಕದ ಮೇಲೆ ಮಬ್ಬು ಕೂರುತ್ತದೆ ಮತ್ತು ಹತ್ತು ನಿಮಿಷದಲ್ಲಿ ಅಂಗಿ ಮೈಗೆ ಅಂಟಿಕೊಳ್ಳುತ್ತದೆ.

ಕಡಲತೀರದಲ್ಲಿ ಮೇ ಮೊದಲ ಹದಿನೈದು ದಿನ ಇನ್ನೂ ಸಹಿಸುವಂತಿರುತ್ತದೆ. ಸೆಕೆ ನಿಜವಾಗಿ ಬಂದು ಕೂರುವುದು ಜೂನ್ ನಡುವಿನಿಂದ. ಆ ಹೊತ್ತಿಗೆ ನಲ್ಲಿಯ ನೀರೂ ಮನೆಯ ದಿನಚರಿಯನ್ನು ಬದಲಿಸುತ್ತದೆ: ತಾರಸಿಯ ತೊಟ್ಟಿಯಿಂದ ಬರುವ ತಣ್ಣೀರು ಸ್ನಾನಕ್ಕೆ ಮುಟ್ಟಲಾರದಷ್ಟು ಬಿಸಿಯಾಗುವುದರಿಂದ, ಗೀಸರ್ ಆರಿಸಿ ಅದರೊಳಗೆ ತಂಗಿ ತಣ್ಣಗಾದ ನೀರನ್ನೇ ತಣ್ಣೀರಾಗಿ ಬಳಸುವುದು ಇಲ್ಲಿನ ಹಳೆಯ ಉಪಾಯ. ನಿಮ್ಮ ಅತ್ತೆಯವರಿಗೆ ಬಂದ ದಿನವೇ ಇದನ್ನು ಹೇಳಿಬಿಡಿ, ಇಲ್ಲದಿದ್ದರೆ ಕೈ ಸುಟ್ಟುಕೊಂಡಾರು.

ವಾಯುಮಾನ

ನಾನು ವಾಯುಮಂಡಲ ವಿಜ್ಞಾನ ಓದಿದವನು. ಹಳಬರು ಅನುಭವದಿಂದ ಹೇಳಿದ್ದಕ್ಕೆ ಕಾರಣಗಳನ್ನು ಸೇರಿಸುತ್ತೇನೆ, ಏಕೆಂದರೆ ಕಾರಣ ತಿಳಿದರೆ ದಿನದ ಮುನ್ಸೂಚನೆಯನ್ನು ನೀವೇ ಓದಿಕೊಳ್ಳಬಹುದು.

ಅರೇಬಿಯನ್ ಕೊಲ್ಲಿ ಬಹಳ ಆಳವಿಲ್ಲದ ಕಡಲು. ಅದರ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ. ಆದ್ದರಿಂದ ಅದು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಫೆಬ್ರುವರಿಯಲ್ಲಿ 20 ಡಿಗ್ರಿಯ ಹತ್ತಿರವಿದ್ದ ನೀರು ಮೇ ಕೊನೆಗೆ 29–30 ಡಿಗ್ರಿಗೆ ಏರಿ, ಆಗಸ್ಟ್‌ನಲ್ಲಿ 33 ದಾಟುತ್ತದೆ. ನೀರು ಕಾದಷ್ಟೂ ಅದರ ಮೇಲಿನ ಗಾಳಿ ಹೊರುವ ನೀರಾವಿ ಹೆಚ್ಚು. ಹಗಲಿನಲ್ಲಿ ಮರಳು ಕಾದಾಗ ಈ ಗಾಳಿ ಕಡಲಗಾಳಿಯಾಗಿ ಒಳನಾಡಿನತ್ತ ನುಗ್ಗುತ್ತದೆ. ಮೇ ತಿಂಗಳಲ್ಲಿ ಕಡಲು ಇನ್ನೂ ಪೂರ್ತಿ ಕಾದಿರುವುದಿಲ್ಲ, ಆದರೆ ಮರಳುಗಾಡು ಕಾದಿರುತ್ತದೆ. ಹೀಗಾಗಿ ಬೇಸಿಗೆಯ ಆರಂಭದಲ್ಲಿ ಒಳನಾಡಿನಲ್ಲಿ ಝಳ ಮೊದಲು ಬರುತ್ತದೆ, ಕರಾವಳಿಯಲ್ಲಿ ಸೆಕೆ ಅದರ ಹಿಂದೆ ಬರುತ್ತದೆ.

ಝಳ, ಸೆಕೆ ಎಂಬ ಎರಡು ಪದಗಳು ನಮ್ಮ ಭಾಷೆಯಲ್ಲಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ತಾಪಮಾಪಕದ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಿಸಿದಾಗ ಅದು ತೋರಿಸುವ ಅಂಕಿಗೆ ಆರ್ದ್ರ ಬಲ್ಬ್ ತಾಪಮಾನ ಎನ್ನುತ್ತಾರೆ. ಬೆವರು ಆರಿ ಮೈ ಎಷ್ಟರ ಮಟ್ಟಿಗೆ ತಣಿಯಬಲ್ಲದು ಎಂಬುದರ ಅಳತೆ ಅದು. ಗಾಳಿ 45 ಡಿಗ್ರಿ ಇದ್ದು ಸಾಪೇಕ್ಷ ಆರ್ದ್ರತೆ ಶೇ. 10 ಇದ್ದರೆ ಆರ್ದ್ರ ಬಲ್ಬ್ ತಾಪಮಾನ 21–22 ಡಿಗ್ರಿ. ಗಾಳಿ ಕೇವಲ 36 ಡಿಗ್ರಿ ಇದ್ದು ಆರ್ದ್ರತೆ ಶೇ. 70 ಇದ್ದರೆ ಅದೇ ಅಳತೆ 31 ಡಿಗ್ರಿ. ಈ ಅಳತೆ 35 ಮುಟ್ಟಿದರೆ, ಆರೋಗ್ಯವಂತರು ನೆರಳಿನಲ್ಲಿ ಸುಮ್ಮನೆ ಕುಳಿತಿದ್ದರೂ ಮೈಯ ಶಾಖ ಹೊರಹೋಗಲು ದಾರಿ ಇರುವುದಿಲ್ಲ. ವಯಸ್ಸಾದವರಿಗೆ ಅದಕ್ಕಿಂತ ಎಷ್ಟೋ ಮೊದಲೇ ತೊಂದರೆ ಶುರುವಾಗುತ್ತದೆ. ಎರಡನೆಯ ಉದಾಹರಣೆಯಂಥ ಸಂಜೆಗಳು ಕಡಲತೀರದಲ್ಲಿ ಜೂನ್ ಕೊನೆಗೆ ಅಪರೂಪವಲ್ಲ.

ಹಾಗೆಂದು ಒಳನಾಡು ಸದಾ ಒಣಗಿರುತ್ತದೆ ಎಂದು ತಿಳಿಯಬೇಡಿ. ಮದೀನತ್ ಜಾಯೆದ್ ಕಡಲಿನಿಂದ ಸುಮಾರು 50 ಕಿಲೋಮೀಟರ್ ಒಳಗಿದೆ. ಕಡಲಗಾಳಿ ಸಂಜೆಯ ಹೊತ್ತಿಗೆ ಅಷ್ಟು ದೂರವನ್ನು ಸುಲಭವಾಗಿ ದಾಟುತ್ತದೆ, ಕೆಲವು ದಿನ ಇನ್ನೂ ಒಳಗಿರುವ ಲಿವಾದವರೆಗೂ ಹೋಗುತ್ತದೆ. ರಾತ್ರಿ ಮರಳು ಬೇಗ ತಣಿಯುವುದರಿಂದ ಆ ನೀರಾವಿ ಮುಂಜಾನೆ ಮಂಜಾಗುತ್ತದೆ. "ರಾತ್ರಿ ಮತ್ತು ಮುಂಜಾನೆ ಆರ್ದ್ರತೆ ಹೆಚ್ಚು, ಕೆಲವೆಡೆ ಮಂಜು" ಎಂಬ ವಾಕ್ಯ ಬೇಸಿಗೆಯ ಮುನ್ಸೂಚನೆಯಲ್ಲೂ ಮತ್ತೆ ಮತ್ತೆ ಬರುವುದು ಇದಕ್ಕೇ. ಮರಳುಗಾಡಿನ ಬೇಸಿಗೆಯಲ್ಲಿ ಮಂಜೇ ಎಂದು ನಗಬೇಡಿ. ನಿಮ್ಮ ಪತಿ ಬೆಳಿಗ್ಗೆ ಐದಕ್ಕೆ ಕಾರು ಓಡಿಸುವವರಾದರೆ ಬಿಸಿಲಿಗಿಂತ ಅದೇ ಹೆಚ್ಚು ಅಪಾಯಕಾರಿ.

ಇನ್ನು ಗಾಳಿ. ಜೂನ್ ಬಂದಂತೆ ಪಾಕಿಸ್ತಾನ, ದಕ್ಷಿಣ ಇರಾನ್ ಭಾಗದ ಮೇಲೆ ಬಿಸಿಯಿಂದ ವಾಯುಭಾರ ಕುಸಿಯುತ್ತದೆ. ನಮ್ಮ ಮುಂಗಾರನ್ನು ಎಳೆದುಕೊಳ್ಳುವುದೂ ಈ ಕುಸಿತವೇ. ಕೊಲ್ಲಿಯ ಕಡೆ ಅದು ವಾಯವ್ಯದಿಂದ ಶಮಾಲ್ ಗಾಳಿಯನ್ನು ಎಳೆಯುತ್ತದೆ. ಶಮಾಲ್ ಜೋರಾದ ದಿನ ಇರಾಕಿನ ಬಯಲಿನಿಂದ ಏಳುವ ಧೂಳು ಇಲ್ಲಿಯವರೆಗೂ ಬರಬಹುದು. ಆದರೆ ಅಂಥ ದಿನ ಸೆಕೆ ಸ್ವಲ್ಪ ಸಡಿಲವಾಗುತ್ತದೆ. ಗಾಳಿ ನಿಂತ ದಿನಗಳೇ ಕಠಿಣ. ಆಕಾಶ ತಿಳಿಯಾಗಿದೆ, ಧೂಳಿಲ್ಲ, ಹೊರಗೆ ಹೋಗೋಣ ಎಂದು ಹೊರಟವರು ಇಂಥ ದಿನವೇ ಸೋಲುತ್ತಾರೆ.

ಋತುವಿನ ಮುನ್ನೋಟದ ಬಗ್ಗೆ ಕೇಳಿದ್ದೀರಿ. ಸಾಮಾನ್ಯವಾಗಿ ಈಗ 1991ರಿಂದ 2020ರವರೆಗಿನ ಮೂವತ್ತು ವರ್ಷಗಳನ್ನು ಆಧಾರವಾಗಿಟ್ಟುಕೊಂಡು, ಅವುಗಳಲ್ಲಿ ಹೆಚ್ಚು ಬಿಸಿಯಾದ ಹತ್ತು, ನಡುವಿನ ಹತ್ತು, ಕಡಿಮೆ ಬಿಸಿಯಾದ ಹತ್ತು ಎಂದು ಮೂರು ಪಾಲು ಮಾಡುತ್ತಾರೆ. ಏನೂ ಗೊತ್ತಿಲ್ಲದಿದ್ದರೆ ಒಂದೊಂದು ಪಾಲಿಗೂ ಸಂಭವ ಶೇ. 33. ಮುನ್ನೋಟವು "ಹೆಚ್ಚು ಬಿಸಿಯ ಪಾಲಿಗೆ ಶೇ. 60" ಎಂದರೆ, ಬೇಸಿಗೆ ಶೇ. 60ರಷ್ಟು ಹೆಚ್ಚು ಬಿಸಿ ಎಂದರ್ಥವಲ್ಲ; ಮೂರು ತಿಂಗಳ ಸರಾಸರಿ ಆ ಮೇಲಿನ ಪಾಲಿಗೆ ಸೇರುವ ಸಂಭವ ಅಷ್ಟು ಎಂದಷ್ಟೇ. ಭೂಮಿಯೇ ಬಿಸಿಯಾಗುತ್ತಿರುವುದರಿಂದ ಇತ್ತೀಚೆಗೆ ಬಹುತೇಕ ಎಲ್ಲ ವರ್ಷಗಳ ಮುನ್ನೋಟವೂ ಮೇಲಿನ ಪಾಲಿನತ್ತಲೇ ವಾಲುತ್ತದೆ. ನಿಮ್ಮ ಮಾವನವರ ನಡಿಗೆಗೆ ಈ ಅಂಕಿಯಿಂದ ಉಪಯೋಗವಿಲ್ಲ. ಮೂರು ತಿಂಗಳ ಸರಾಸರಿ ಒಂದು ಡಿಗ್ರಿ ಏರಿದ್ದು ಮೈಗೆ ತಿಳಿಯುವುದಿಲ್ಲ. ಯಾವ ವಾರ ಗಾಳಿ ನಿಲ್ಲುತ್ತದೆ ಎಂಬುದು ತಿಳಿಯುತ್ತದೆ, ಮತ್ತು ಅದನ್ನು ಐದಾರು ದಿನ ಮುಂಚಿನ ಮುನ್ಸೂಚನೆಯಷ್ಟೇ ಹೇಳಬಲ್ಲದು.

ಮಳೆಯ ಮಾತು ಚಿಕ್ಕದು. 2024ರ ಏಪ್ರಿಲ್ 16ರಂದು ಅಲ್ ಐನ್ ಬಳಿಯ ಖತಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254.8 ಮಿಲಿಮೀಟರ್ ಮಳೆ ದಾಖಲಾಯಿತು. ಅದು 1949ರಲ್ಲಿ ದಾಖಲೆಗಳು ಶುರುವಾದಂದಿನಿಂದ ಈ ದೇಶ ಕಂಡ ಅತಿ ದೊಡ್ಡ ಮಳೆ. ಅದನ್ನು ತಂದದ್ದು ಪಶ್ಚಿಮದಿಂದ ಮೇಲ್ಮಟ್ಟದಲ್ಲಿ ಸಾಗಿಬಂದ ವಸಂತಕಾಲದ ವ್ಯವಸ್ಥೆ. ಮೇ ಹೊತ್ತಿಗೆ ಆ ವ್ಯವಸ್ಥೆಗಳ ದಾರಿ ಉತ್ತರಕ್ಕೆ ಸರಿದಿರುತ್ತದೆ. ಬೇಸಿಗೆಯಲ್ಲಿ ಮಳೆ ಬಂದರೆ ಅದು ಪೂರ್ವದ ಹಜರ್ ಪರ್ವತಗಳ ಮೇಲೆ ಮಧ್ಯಾಹ್ನದ ನಂತರ ಕಟ್ಟುವ ಗುಡುಗು ಮೋಡಗಳಿಂದ. ಅಲ್ ಐನ್, ಫುಜೈರಾ ಕಡೆ ಮಳೆಗಿಂತ ಮೊದಲು ಅವುಗಳ ಬಿರುಗಾಳಿ, ಧೂಳು ತಲುಪುತ್ತದೆ. ಶಾರ್ಜಾದ ನಿಮ್ಮ ಮನೆಗೆ ಅದರಿಂದ ಹನಿಯೂ ಬೀಳುವುದು ಅಪರೂಪ.

ಸೈಟಿನವನು

ಮೇಲಿನ ಎರಡು ಉತ್ತರಗಳನ್ನೂ ಒಪ್ಪುತ್ತೇನೆ, ಆದರೆ "ಒಣ ಝಳ ಸಹಿಸಬಹುದು" ಎಂಬ ಮಾತನ್ನು ಓದುಗರು ತಪ್ಪಾಗಿ ತೆಗೆದುಕೊಳ್ಳಬಾರದೆಂದು ಬರೆಯುತ್ತಿದ್ದೇನೆ. ನಾನು ಹದಿನಾಲ್ಕು ವರ್ಷಗಳಿಂದ ಕಟ್ಟಡ ಕೆಲಸದ ಸ್ಥಳಗಳಲ್ಲಿ ಸುರಕ್ಷತೆಯ ಜವಾಬ್ದಾರಿ ನೋಡುತ್ತಿದ್ದೇನೆ. ಈ ದೇಶದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವುದಕ್ಕೆ ನಿಷೇಧವಿದೆ. ನಿಯಮ ಒಳ್ಳೆಯದೇ. ಆದರೆ 2025ರ ಮೇ 24ರಂದು ಒಳನಾಡಿನ ಸ್ವೈಹಾನ್‌ನಲ್ಲಿ 51.6 ಡಿಗ್ರಿ ದಾಖಲಾದಾಗ ಆ ನಿಷೇಧ ಶುರುವಾಗಲು ಇನ್ನೂ ಮೂರು ವಾರಗಳಿದ್ದವು! ಅದರ ಹಿಂದಿನ ದಿನ ಅಬುಧಾಬಿ ಪ್ರದೇಶದಲ್ಲಿ 50.4 ಆಗಿತ್ತು. ಕ್ಯಾಲೆಂಡರಿನ ದಿನಾಂಕವನ್ನು ನಂಬಿ ಮೇ ತಿಂಗಳನ್ನು ಹಗುರವಾಗಿ ಕಂಡವರೇ ನಮ್ಮಲ್ಲಿ ಮೊದಲು ಆಸ್ಪತ್ರೆಗೆ ಹೋಗುವುದು.

ಒಣಗಾಳಿಯ ಮೋಸವೆಂದರೆ ಬೆವರು ಕಾಣುವುದಿಲ್ಲ. ಬೆವರು ಕಾಣದಿದ್ದರೆ ಬಾಯಾರಿಕೆಯೂ ನೆನಪಾಗುವುದಿಲ್ಲ, ವಯಸ್ಸಾದವರಿಗಂತೂ ಬಾಯಾರಿಕೆಯ ಅರಿವೇ ಮಂದವಾಗಿರುತ್ತದೆ. ಶಾರ್ಜಾದಲ್ಲಿ ಅಂಗಿ ಒದ್ದೆಯಾಗಿ ಮನುಷ್ಯ ತಾನಾಗಿಯೇ ಒಳಗೆ ಓಡುತ್ತಾನೆ. ಅಲ್ ದಫ್ರಾದಲ್ಲಿ ಹಾಯಾಗಿದೆ ಎನ್ನುತ್ತಲೇ ಇನ್ನೊಂದು ಸುತ್ತು ಹಾಕುತ್ತಾನೆ. ರಾಯಚೂರಿನ ಅನುಭವ ನೆರವಾಗುತ್ತದೆ ನಿಜ. ಸಿಂಧನೂರಿನಲ್ಲೂ ಮೇ ತಿಂಗಳಲ್ಲಿ 40ರ ಆಸುಪಾಸು ಇರುತ್ತದೆ, ಮೈ ಅದಕ್ಕೆ ಒಗ್ಗಿರುತ್ತದೆ. ಆದರೆ ಇಲ್ಲಿಗೆ ಬಂದು ಎರಡು ವಾರ ಎ.ಸಿ. ಕೋಣೆಯಲ್ಲೇ ಕುಳಿತರೆ ಆ ಒಗ್ಗಿಕೆ ಕಳೆದುಹೋಗುತ್ತದೆ. ಹೊಸದಾಗಿ ಬಂದ ಕೆಲಸಗಾರರಿಗೆ ನಾವು ಮೊದಲ ದಿನವೇ ಪೂರ್ತಿ ಕೆಲಸ ಕೊಡದೆ, ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಬಿಸಿಲಿನ ಹೊತ್ತನ್ನು ಹೆಚ್ಚಿಸುತ್ತೇವೆ. ಮಾವನವರ ನಡಿಗೆಯನ್ನೂ ಹಾಗೆಯೇ ಹತ್ತು–ಹದಿನೈದು ನಿಮಿಷಗಳಿಂದ ಶುರುಮಾಡಿಸಿ.

ರಕ್ತದೊತ್ತಡದ ಮಾತ್ರೆಗಳಲ್ಲಿ ಕೆಲವು ಮೂತ್ರದ ಮೂಲಕ ನೀರು, ಉಪ್ಪು ಹೊರಹಾಕುವಂಥವು. ಹೊರಡುವ ಮೊದಲು ಊರಿನ ವೈದ್ಯರಿಗೆ ಚೀಟಿ ತೋರಿಸಿ, ಬಿಸಿಲಿನ ದೇಶಕ್ಕೆ ಹೋಗುತ್ತಿದ್ದೇವೆಂದು ಹೇಳಿ ಕೇಳಿಕೊಂಡು ಬರಲಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಬೇಡ. ಉಪ್ಪು ಬೆರೆಸಿದ ಮಜ್ಜಿಗೆ ಎಷ್ಟು ಕುಡಿಯಬಹುದು ಎಂಬುದನ್ನೂ ಅವರಲ್ಲೇ ಕೇಳಲಿ.

ಹೊನ್ನಾವರದವಳು

ಇಷ್ಟು ಕಾಳಜಿಯಿಂದ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದಗಳು. ಪತಿಗೆ ಓದಿ ಹೇಳಿದೆ. ಮಂಜಿನ ಮಾತು ಕೇಳಿ, ಕಳೆದ ತಿಂಗಳು ತಾವೇ ಒಂದು ಬೆಳಿಗ್ಗೆ ಮಂಜಿಗೆ ಸಿಕ್ಕಿ ರಸ್ತೆಬದಿಯಲ್ಲಿ ಅರ್ಧ ಗಂಟೆ ಕಾರು ನಿಲ್ಲಿಸಿದ್ದನ್ನು ಈಗ ಒಪ್ಪಿಕೊಂಡರು.

ಇನ್ನೆರಡು ಸಂದೇಹಗಳಿವೆ. ಮಾವನವರು ಕೃಷಿಕರು, ಅವರ ಲೆಕ್ಕವೆಲ್ಲ ಕೃತ್ತಿಕೆ, ರೋಹಿಣಿ, ಮೃಗಶಿರ ಮಳೆಗಳ ಮೇಲೆಯೇ ನಡೆಯುತ್ತದೆ. "ಅಲ್ಲಿಯವರು ಯಾವ ನಕ್ಷತ್ರ ನೋಡುತ್ತಾರೆ?" ಎಂದು ಫೋನಿನಲ್ಲಿ ಕೇಳಿದರು, ನನಗೆ ಉತ್ತರ ತೋಚಲಿಲ್ಲ. ಇನ್ನೊಂದು, ಜೂನ್‌ನಲ್ಲಿ ನಾಲ್ಕು ದಿನ ಒಮಾನ್‌ಗೆ ಕರೆದೊಯ್ಯುವ ಆಸೆಯಿದೆ. ಸಲಾಲಾದಲ್ಲಿ ಮಳೆಗಾಲವಂತೆ, ಮಸ್ಕತ್ ಕಡೆಯೂ ಕಡಲಿರುವುದರಿಂದ ತಂಪಾಗಿರಬಹುದೇ?

ಮಸ್ಕತ್ತಿನಿಂದ ಭಟ್ಕಳ

ಕಡಲಿದ್ದಲ್ಲಿ ತಂಪು ಎಂಬ ನಂಬಿಕೆ ನಮ್ಮ ಕರಾವಳಿಯವರದ್ದೇ, ಮಸ್ಕತ್ತಿಗೆ ಬಂದ ಮೊದಲ ವರ್ಷ ನನಗೂ ಇತ್ತು. 2018ರ ಜೂನ್ 26ರಂದು ಮಸ್ಕತ್ತಿನ ಆಗ್ನೇಯಕ್ಕಿರುವ ಕುರಿಯಾತ್ ಎಂಬ ಕಡಲತೀರದ ಊರಿನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ ತಾಪಮಾನ ಒಮ್ಮೆಯೂ 42.6 ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ. ಗರಿಷ್ಠವಲ್ಲ, ಅದು ಆ ದಿನದ ಕನಿಷ್ಠ. ಅಲ್ಲಿ ಹಜರ್ ಪರ್ವತಗಳು ಕಡಲಿಗೆ ಹತ್ತಿರವಿದ್ದು, ಒಳನಾಡಿನಿಂದ ಪರ್ವತ ದಾಟಿ ಇಳಿಯುವ ಗಾಳಿ ಇಳಿಯುತ್ತಾ ಒತ್ತಿಕೊಂಡು ಇನ್ನಷ್ಟು ಕಾಯುತ್ತದೆ. ಇಲ್ಲಿಯವರು ಅದನ್ನು ಘರ್ಬಿ ಎನ್ನುತ್ತಾರೆ. ಘರ್ಬಿ ಬೀಸುವ ರಾತ್ರಿ ಕಡಲ ಪಕ್ಕದಲ್ಲೇ ಒಲೆಯ ಮುಂದೆ ಕುಳಿತಂತಿರುತ್ತದೆ. ಆದ್ದರಿಂದ ಜೂನ್‌ನಲ್ಲಿ ಹಿರಿಯರನ್ನು ಮಸ್ಕತ್ ನೋಡಲು ಕರೆತರಬೇಡಿ.

ಸಲಾಲಾದ ಮಳೆಗಾಲಕ್ಕೆ ಖರೀಫ್ ಎಂದು ಹೆಸರು. ನಮ್ಮ ಮುಂಗಾರಿನ ನೈಋತ್ಯ ಮಾರುತವೇ ಸಲಾಲಾ ಇರುವ ಧೋಫಾರ್ ಕರಾವಳಿಗೆ ಸಮಾಂತರವಾಗಿ ಬೀಸಿ, ಕಡಲಿನ ಮೇಲ್ಪದರದ ನೀರನ್ನು ದೂರ ತಳ್ಳುತ್ತದೆ; ಆ ಜಾಗಕ್ಕೆ ಕೆಳಗಿನ ತಣ್ಣೀರು ಏರುತ್ತದೆ. ತಣ್ಣೀರಿನ ಮೇಲೆ ಹಾದ ಗಾಳಿ ಬೆಟ್ಟಕ್ಕೆ ತಾಗಿ ಮಂಜಾಗಿ, ತುಂತುರಾಗಿ ಇಳಿಯುತ್ತದೆ. ಭಟ್ಕಳದ ಮಳೆಯನ್ನು ನೆನೆದು ಹೋದರೆ ನಿರಾಸೆಯಾದೀತು, ಅದು ಜಿಟಿಜಿಟಿ ಸೋನೆಯಷ್ಟೇ. ಲೆಕ್ಕದ ಪ್ರಕಾರ ಖರೀಫ್ ಶುರುವಾಗುವುದು ಜೂನ್ 21ಕ್ಕೆ, ಆದರೆ ಬೆಟ್ಟ ಹಸಿರಾಗುವುದು ಜುಲೈ ನಡುವಿಗೆ. ಜೂನ್ ಕೊನೆಯ ವಾರ ಹೋದರೆ ಮೋಡ ಸಿಗಬಹುದು, ಹಸಿರು ಸಿಗುವುದಿಲ್ಲ. ಮೇ ತಿಂಗಳಲ್ಲಂತೂ ಅಲ್ಲಿ ಬರೀ ಸೆಕೆ. ಮೇ–ಜೂನ್ ಅರಬ್ಬಿ ಸಮುದ್ರದ ಚಂಡಮಾರುತಗಳ ಕಾಲವೂ ಹೌದು. 2007ರ ಜೂನ್‌ನಲ್ಲಿ ಗೋನು ಒಮಾನಿನಲ್ಲಿ ಸುಮಾರು 50 ಜನರ ಜೀವ ತೆಗೆಯಿತು, ಫುಜೈರಾ–ಕಲ್ಬಾ ತೀರಕ್ಕೂ ಅಲೆ ನುಗ್ಗಿಸಿತು. 2018ರ ಮೇ ಕೊನೆಯಲ್ಲಿ ಮೆಕುನು ಸಲಾಲಾದ ಬಳಿಯೇ ದಡ ಮುಟ್ಟಿತು. ಪ್ರತಿ ವರ್ಷ ಹೀಗಾಗುವುದಿಲ್ಲ, ಆದರೆ ಹೊರಡುವ ವಾರ ಮುನ್ಸೂಚನೆ ನೋಡದೆ ಟಿಕೆಟ್ ಕಾಯ್ದಿರಿಸಬೇಡಿ.

ನಿಜವಾದ ತಂಪು ಬೇಕಿದ್ದರೆ ಒಮಾನಿನಲ್ಲೇ ಜಬಲ್ ಅಖ್ದರ್ ಬೆಟ್ಟವಿದೆ. ಸುಮಾರು 2,000 ಮೀಟರ್ ಎತ್ತರದ ಸೈಕ್ ಪ್ರಸ್ಥಭೂಮಿಯಲ್ಲಿ ಜೂನ್‌ನ ಮಧ್ಯಾಹ್ನವೂ 30ರ ಆಸುಪಾಸು ಇರುತ್ತದೆ, ಗಾಳಿ ಒಣಗಿರುತ್ತದೆ. ಬೆಟ್ಟದ ಬುಡದ ಬಿರ್ಕತ್ ಅಲ್ ಮೌಜ್ ಬಳಿಯ ತಪಾಸಣೆಯಲ್ಲಿ ನಾಲ್ಕು ಚಕ್ರಗಳಿಗೂ ಚಾಲನೆಯಿರುವ ವಾಹನಗಳನ್ನಷ್ಟೇ ಮೇಲೆ ಬಿಡುತ್ತಾರೆ ಎಂಬುದು ನೆನಪಿರಲಿ.

ವಾಯುಮಾನ

ನಕ್ಷತ್ರದ ಪ್ರಶ್ನೆ ಬಹಳ ಚೆನ್ನಾಗಿದೆ, ಏಕೆಂದರೆ ಉತ್ತರ ನಿಮ್ಮ ಮಾವನವರಿಗೆ ಪರಿಚಿತವಾದದ್ದೇ. ಅರಬರು ಬೇಸಿಗೆಗೆ ನೋಡುವ ಥುರಯ್ಯಾ ಎಂದರೆ ನಮ್ಮ ಕೃತ್ತಿಕೆ. ಏಪ್ರಿಲ್ ಕೊನೆಯಿಂದ ಸುಮಾರು ನಲವತ್ತು ದಿನ ಆ ನಕ್ಷತ್ರಪುಂಜ ಸೂರ್ಯನ ಬೆಳಕಿನಲ್ಲಿ ಮರೆಯಾಗಿದ್ದು, ಜೂನ್ ಮೊದಲ ವಾರದ ಕೊನೆಗೆ ಮುಂಜಾನೆ ಪೂರ್ವದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಅಂದಿನಿಂದ ಇಲ್ಲಿಯವರ ಲೆಕ್ಕದಲ್ಲಿ ಕಡು ಬೇಸಿಗೆ. ಆಗ ಬೀಸುವ ಧೂಳುಗಾಳಿಗೆ ಬಾರಿಹ್ ಅಲ್ ಥುರಯ್ಯಾ ಎಂದೇ ಹೆಸರು. ನಮ್ಮ ರೈತರು ಎಣಿಸುವುದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂದು, ಆದ್ದರಿಂದ ಮೇ ತಿಂಗಳ ಕೃತ್ತಿಕೆ ಮಳೆಯ ಕಾಲದಲ್ಲಿ ಕೃತ್ತಿಕೆ ಕಾಣುವುದೇ ಇಲ್ಲ. ಇವರು ಎಣಿಸುವುದು ಅದು ಮರಳಿ ಕಂಡ ದಿನದಿಂದ. ಹಾಗಾಗಿ ಸಿಂಧನೂರಿನಲ್ಲಿ ಮೃಗಶಿರ ಮಳೆ ಹಿಡಿಯುವ ಹೊತ್ತಿಗೇ ಇಲ್ಲಿ ಥುರಯ್ಯಾ ಮೂಡುತ್ತದೆ.

ವಾಸ್ತವ್ಯದ ಬಗ್ಗೆ ನನ್ನ ಸಲಹೆ: ಮೇ ಪೂರ್ತಿ ಶಾರ್ಜಾದಲ್ಲೇ ಇರಲಿ, ಏಕೆಂದರೆ ಆಗ ಅಲ್ಲಿ ಸೆಕೆ ಇನ್ನೂ ಬಲಿತಿರುವುದಿಲ್ಲ ಮತ್ತು ಒಳನಾಡಿನಲ್ಲಿ 50ರ ಹತ್ತಿರದ ದಿನಗಳು ಬರಬಹುದು. ಮದೀನತ್ ಜಾಯೆದ್‌ಗೆ ಜೂನ್ ಮೊದಲ ಎರಡು ವಾರ ಹೋಗಿಬರಲಿ.

ಸೈಟಿನವನು

ವಾಯುಮಾನ ಅವರ ಮಾತಿಗೆ ಒಂದು ತಕರಾರು. ನಡಿಗೆಯೊಂದನ್ನೇ ನೋಡುವುದಾದರೆ ಮೇ ತಿಂಗಳೇ ಮದೀನತ್ ಜಾಯೆದ್‌ಗೆ ಸರಿ, ಬೆಳಗು ಒಣಗಿರುತ್ತದೆ. ಆದರೆ ನಿಮ್ಮ ಪತಿ ಹಗಲೆಲ್ಲ ಕೆಲಸದಲ್ಲಿರುವಾಗ, ವಿದ್ಯುತ್ ಹೋಗಿ ಎ.ಸಿ. ನಿಂತರೆ ಅಥವಾ ಮಾವನವರಿಗೆ ತಲೆಸುತ್ತು ಬಂದರೆ ಹತ್ತಿರ ಯಾರಿರುತ್ತಾರೆ ಎಂಬುದನ್ನು ತಾಪಮಾನಕ್ಕಿಂತ ಮೊದಲು ಯೋಚಿಸಿ. ಹಿರಿಯರಿಬ್ಬರೇ ಮನೆಯಲ್ಲಿ ಉಳಿಯುವಂತಿದ್ದರೆ ಯಾವ ವಾರವೂ ಬೇಡ.

ಹೊನ್ನಾವರದವಳು

ಈ ಕೊನೆಯ ಮಾತು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಪತಿಯ ವಸತಿಯ ಅಕ್ಕಪಕ್ಕದವರೆಲ್ಲ ಹಗಲು ಕೆಲಸಕ್ಕೆ ಹೋಗುವವರೇ. ಆದ್ದರಿಂದ ಅತ್ತೆ–ಮಾವ ಶಾರ್ಜಾದಲ್ಲಿಯೇ ಇರುತ್ತಾರೆ. ಜೂನ್ ನಡುವಿನಲ್ಲಿ ಪತಿ ನಾಲ್ಕು ದಿನ ರಜೆ ಹಾಕಿ ಎಲ್ಲರೂ ಜಬಲ್ ಅಖ್ದರ್‌ಗೆ ಹೋಗುವುದೆಂದು ನಿರ್ಧರಿಸಿದ್ದೇವೆ. ಬೆಳಗಿನ ನಡಿಗೆಗೆ ಸೆಕೆ ತಡೆಯಲಾರದ ದಿನಗಳಲ್ಲಿ ಹತ್ತಿರದ ಮಾಲ್ ಇದೆ, ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತಾರೆಂದು ನಾಳೆ ವಿಚಾರಿಸುತ್ತೇನೆ. ಥುರಯ್ಯಾದ ಸಂಗತಿಯನ್ನು ಮಾವನವರಿಗೆ ಹೇಳಿದೆ. ಜೂನ್ ಏಳರ ಮುಂಜಾನೆ ತಾರಸಿಗೆ ಹೋಗಲು ಬೀಗದ ಕೈ ಸಿಗುತ್ತದೆಯೇ ಎಂದು ಈಗಲೇ ಕೇಳುತ್ತಿದ್ದಾರೆ.